ಅಂತರಗಂಗೆಯಲ್ಲಿ ಕಲಿತು ಯೂಟಾದಲ್ಲಿ ಇಳಿಯಿರಿ: ಮರುಭೂಮಿಯ ಸಂದಿ ಕಮರಿಯಲ್ಲಿ ಗೈಡ್ ಜೊತೆ ಒಂದು ದಿನ

ಕೋಲಾರದಲ್ಲಿ ಈಗ ಬೀದಿಗೊಬ್ಬರಾದರೂ ಅಮೆರಿಕದಲ್ಲಿದ್ದಾರೆ. ಮಗನೋ ಮಗಳೋ ಟಿಕೆಟ್ ಕಳಿಸುತ್ತಾರೆ. ನಾವು ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುತ್ತೇವೆ. ಮಾಲ್ ನೋಡಿ, ದೇವಸ್ಥಾನ ನೋಡಿ, ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತೇವೆ. ನನ್ನ ಕತೆಯೂ ಅಷ್ಟೇ ಆಗುತ್ತಿತ್ತು. ಆದರೆ ಲಾಸ್ ವೇಗಸ್‌ನಲ್ಲಿರುವ ನನ್ನ ತಮ್ಮನಿಗೆ ಬಂಡೆ ಹುಚ್ಚು. "ಅಕ್ಕ, ಅಂಚಲ್ಲಿ ನಿಂತು ನೋಡಿದ್ದು ಸಾಕು. ಈ ಸಲ ಒಳಗೆ ಇಳಿಯೋಣ" ಅಂದ. ನನಗೆ ಆಗ ನಲವತ್ತೆಂಟು. ಹೈಸ್ಕೂಲ್ ಮೇಡಂ. ಜೀವನದಲ್ಲಿ ಹಗ್ಗ ಹಿಡಿದದ್ದು ಬಾವಿ ಹತ್ತಿರ ಮಾತ್ರ.

ಇಳಿದು ಬಂದೆ. ನನ್ನ ಹಾಗೆ ಹೋಗಬೇಕು ಅನ್ನುವವರು ಏನೇನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಇದು ಗೈಡ್ ಜೊತೆ ಹೋಗುವವರಿಗೆ ಮಾತ್ರ. ಇದನ್ನು ಓದಿ ಸ್ವಂತವಾಗಿ ಹಗ್ಗ ತಗೊಂಡು ಹೊರಡಬೇಡಿ.

ಮೊದಲು ಜಾಗ ಎಂಥದ್ದು ಅಂತ ತಿಳಿದುಕೊಳ್ಳಿ

ಅಮೆರಿಕದ ಯೂಟಾ ರಾಜ್ಯದ ದಕ್ಷಿಣ ಭಾಗ, ಅದಕ್ಕೆ ಅಂಟಿಕೊಂಡ ಅರಿಝೋನಾದ ಉತ್ತರ ಭಾಗ, ಇಲ್ಲೆಲ್ಲ ಕೆಂಪು ಮರಳುಗಲ್ಲಿನ ಮರುಭೂಮಿ. ನವಾಹೊ ಸ್ಯಾಂಡ್‌ಸ್ಟೋನ್ ಅನ್ನುವ ಕಲ್ಲು ಜಾಸ್ತಿ. ಸುಮಾರು 18–19 ಕೋಟಿ ವರ್ಷದ ಹಿಂದೆ ಅಲ್ಲಿ ಮರಳಿನ ದಿಬ್ಬಗಳಿದ್ದವು. ಅವೇ ಗಟ್ಟಿಯಾಗಿ ಕಲ್ಲಾದವು. ಗೋಡೆಗಳ ಮೇಲೆ ಓರೆಯಾಗಿ ಹೋಗಿರುವ ಗೆರೆಗಳು ಆ ಕಾಲದ ಗಾಳಿ ಮರಳನ್ನು ಪೇರಿಸಿದ ಗುರುತು. ಈ ಕಲ್ಲಿನಲ್ಲಿ ಬಿರುಕು ಇದ್ದ ಕಡೆ ಮಳೆಯ ಪ್ರವಾಹ ನುಗ್ಗುತ್ತದೆ. ನೀರಿನ ಜೊತೆ ಬರುವ ಮರಳು, ಕಲ್ಲು ಅರದ ಹಾಗೆ ಉಜ್ಜುತ್ತವೆ. ಅಗಲಕ್ಕಿಂತ ಆಳಕ್ಕೇ ಜಾಸ್ತಿ ಕೊರೆಯುತ್ತದೆ. ಕೊನೆಗೆ ಉಳಿಯುವುದು ಒಂದು ಸಂದಿ. ಎರಡು ಕೈ ಚಾಚಿದರೆ ಎರಡು ಗೋಡೆಗೂ ತಾಗುತ್ತದೆ, ತಲೆ ಎತ್ತಿದರೆ ಆಕಾಶ ಒಂದು ರಿಬ್ಬನ್. ಇದಕ್ಕೆ ಸ್ಲಾಟ್ ಕ್ಯಾನ್ಯನ್ ಅನ್ನುತ್ತಾರೆ. ನಾನು ಸಂದಿ ಕಮರಿ ಅನ್ನುತ್ತೇನೆ.

ಕ್ಯಾನ್ಯನಿಯರಿಂಗ್ ಅಂದರೆ ಇದರ ಮೇಲಿನ ತುದಿಯಿಂದ ಒಳಗೆ ಹೊಕ್ಕು ಕೆಳಗಿನ ತುದಿಯಿಂದ ಹೊರಗೆ ಬರುವುದು. ನಡೆಯುವುದು, ಕುಳಿತು ಜಾರುವುದು, ಗೋಡೆಗೆ ಬೆನ್ನು ಕೊಟ್ಟು ಇಳಿಯುವುದು, ಎಲ್ಲೂ ಆಗದ ಕಡೆ ಹಗ್ಗದಲ್ಲಿ ಇಳಿಯುವುದು. ಬೆಟ್ಟ ಹತ್ತುವವರಿಗೆ ಸುಸ್ತಾದರೆ ವಾಪಸ್ ಇಳಿಯಬಹುದು. ಇಲ್ಲಿ ಹಾಗಿಲ್ಲ. ಎಲ್ಲರೂ ಇಳಿದ ಮೇಲೆ ಹಗ್ಗವನ್ನು ಕೆಳಗಿನಿಂದ ಎಳೆದುಕೊಳ್ಳುತ್ತಾರೆ. ಎಳೆದರೆ ಮುಗಿಯಿತು, ಹಿಂದಕ್ಕೆ ದಾರಿ ಇಲ್ಲ. ಹೆದರಿಕೆ ಏನಿದ್ದರೂ ಮೊದಲನೇ ಹಗ್ಗಕ್ಕಿಂತ ಮುಂಚೆ ಹೇಳಿಬಿಡಬೇಕು.

ಮಳೆ ಅಲ್ಲಿ, ನೀರು ಇಲ್ಲಿ

ಇದನ್ನು ಪ್ಯಾಕಿಂಗ್ ಪಟ್ಟಿಗಿಂತ ಮುಂಚೆ ಬರೆಯುತ್ತಿದ್ದೇನೆ. ಕಾರಣ ಇದೆ.

2021ರ ನವೆಂಬರ್ ಮಳೆ ನೆನಪಿದೆ ಅಲ್ವಾ? ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ನಮ್ಮ ಕೆರೆಗಳೆಲ್ಲ ಸರಪಳಿ ಹಾಕಿದ ಹಾಗೆ ಇವೆ. ಮೇಲಿನೂರಿನ ಕೆರೆ ತುಂಬಿದರೆ ಅದರ ಕೋಡಿ ನೀರು ಕೆಳಗಿನೂರಿನ ಕೆರೆಗೆ. ಕೆಳಗಿನೂರಲ್ಲಿ ಬಿಸಿಲು ಹೊಡೆಯುತ್ತಿದ್ದರೂ ರಾತ್ರೋರಾತ್ರಿ ಕಾಲುವೆ ತುಂಬಿ ಬರಬಹುದು. ಇದು ನಮಗೆ ಹೇಳಿಕೊಡಬೇಕಾದ ಪಾಠ ಅಲ್ಲ. ಆದರೆ ಮರುಭೂಮಿ ಅಂದ ಕೂಡಲೇ ಮರೆತುಬಿಡುತ್ತೇವೆ.

1997ರ ಆಗಸ್ಟ್ 12ರಂದು ಅರಿಝೋನಾದ ಲೋವರ್ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ ಹನ್ನೊಂದು ಜನ ಪ್ರವಾಸಿಗರು ಕೊಚ್ಚಿಹೋಗಿ ಸತ್ತರು. ಅವರಿದ್ದ ಜಾಗದಲ್ಲಿ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ. ಮಳೆ ಸುರಿದದ್ದು ಮೈಲಿಗಟ್ಟಲೆ ಮೇಲೆ. 2015ರ ಸೆಪ್ಟೆಂಬರ್ 14ರಂದು ಯೂಟಾದ ಝಯಾನ್ ನ್ಯಾಷನಲ್ ಪಾರ್ಕ್‌ನ ಕೀಹೋಲ್ ಕ್ಯಾನ್ಯನ್‌ನಲ್ಲಿ ಏಳು ಜನರ ಒಂದು ತಂಡಕ್ಕೆ ತಂಡವೇ ಹೋಯಿತು. ಅಲ್ಲಿನ ಬರೀ ಬಂಡೆ ನೀರು ಕುಡಿಯುವುದಿಲ್ಲ. ಬಿದ್ದ ಮಳೆಯೆಲ್ಲ ಜಾರಿ ಸಂದಿಗೇ ಬರುತ್ತದೆ. ಗೋಡೆ ನೆಟ್ಟಗಿರುವುದರಿಂದ ಹತ್ತಿ ಓಡಲೂ ಆಗುವುದಿಲ್ಲ.

ಹಾಗಾಗಿ ತಿಂಗಳು ಆರಿಸುವಾಗಲೇ ಜಾಣರಾಗಿ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಅಲ್ಲಿ ಮುಂಗಾರಿನ ಥರದ ಗುಡುಗು ಮಳೆ. ಅದಕ್ಕೆ ಅವರೂ ಮಾನ್ಸೂನ್ ಅಂತಲೇ ಅನ್ನುತ್ತಾರೆ. ಏಪ್ರಿಲ್ ಕೊನೆಯಿಂದ ಜೂನ್, ಆಮೇಲೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯ ಕಾಲ. ನಮಗೆ ಬೇಸಿಗೆ ರಜೆ ಮೇ ತಿಂಗಳಲ್ಲಿ ಇರುವುದು ಅನುಕೂಲವೇ ಆಯಿತು. ಅಮೆರಿಕದ ಹವಾಮಾನ ಇಲಾಖೆ ಝಯಾನ್ ಥರದ ಜಾಗಗಳಿಗೆ ಪ್ರತಿದಿನ ಹಠಾತ್ ಪ್ರವಾಹದ ಅಂದಾಜು ಕೊಡುತ್ತದೆ. ನಾಲ್ಕು ಮಟ್ಟ: ನಿರೀಕ್ಷೆ ಇಲ್ಲ, ಬಂದರೂ ಬರಬಹುದು, ಬರುವ ಸಾಧ್ಯತೆ ಜಾಸ್ತಿ, ಬಂದೇ ಬರುತ್ತದೆ. ಗೈಡ್ ನೋಡುತ್ತಾರೆ. ನೀವೂ ನೋಡಿ.

ನಮ್ಮ ಮೊದಲ ದಿನಾಂಕವನ್ನು ಗೈಡ್ ಕಂಪನಿಯವರು ಹಿಂದಿನ ರಾತ್ರಿ ರದ್ದು ಮಾಡಿದರು. ಕಿಟಕಿಯಾಚೆ ಒಂದು ಮೋಡ ಇಲ್ಲ. ನಾನು ತಮ್ಮನ ಹತ್ತಿರ ಗೊಣಗಿದ್ದೇ ಗೊಣಗಿದ್ದು. ಎರಡು ದಿನ ಬಿಟ್ಟು ಕಮರಿಯೊಳಗೆ ನಿಂತಾಗ ಗೈಡ್ ಹುಡುಗಿ ಸುಮ್ನೆ ಮೇಲಕ್ಕೆ ಕೈ ತೋರಿಸಿದಳು. ನಮ್ಮ ತಲೆಗಿಂತ ಎರಡು ಮಹಡಿ ಎತ್ತರದಲ್ಲಿ, ಎರಡು ಗೋಡೆಗಳ ನಡುವೆ, ಒಂದು ಇಡೀ ಮರದ ದಿಮ್ಮಿ ಸಿಕ್ಕಿಹಾಕಿಕೊಂಡಿತ್ತು. ಯಾರೂ ಅದನ್ನು ಹೊತ್ತುಕೊಂಡು ಹೋಗಿ ಅಲ್ಲಿ ಇಟ್ಟಿಲ್ಲ. ನನ್ನ ಗೊಣಗಾಟ ಅಲ್ಲಿಗೆ ನಿಂತಿತು.

ಎರಡು ತಿಂಗಳು ಮುಂಚೆ: ಅಂತರಗಂಗೆ

ಕೋಲಾರದಿಂದ ಮೂರ್ನಾಲ್ಕು ಕಿಲೋಮೀಟರ್. ಶತಶೃಂಗ ಬೆಟ್ಟ. ಕಾಶಿ ವಿಶ್ವೇಶ್ವರನ ಗುಡಿ, ಕಲ್ಯಾಣಿ, ಬಸವನ ಬಾಯಿಂದ ಬೀಳುವ ನೀರು, ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ನಮಗೆ ಬೇಕಾದದ್ದು ಅದರ ಮೇಲಿದೆ. ಹೆಬ್ಬಂಡೆಗಳು ಒಂದರ ಮೇಲೊಂದು ಉರುಳಿ ಕೂತು ಆದ ಗವಿಗಳು. ಕೆಲವು ಕಡೆ ತಲೆ ತಗ್ಗಿಸಿದರೆ ಸಾಕು, ಕೆಲವು ಕಡೆ ತೆವಳಬೇಕು, ಕೆಲವು ಕಡೆ ಒಂದು ಭುಜ ಮೊದಲು ತೂರಿಸಿ ಆಮೇಲೆ ಇನ್ನೊಂದು.

ಅರಣ್ಯ ಇಲಾಖೆಯ ನಿಯಮ ಏನಿದೆ ಅಂತ ಮೊದಲು ಕೇಳಿಕೊಳ್ಳಿ. ರಾತ್ರಿ ಚಾರಣದ ಆಸೆ ಬೇಡ. ದಾರಿ ಗೊತ್ತಿರುವ ಸ್ಥಳೀಯರೊಬ್ಬರನ್ನು ಕರೆದುಕೊಂಡು ಹೋಗಿ. ಗವಿಯೊಳಗೆ ಮೂರು ತಿರುವು ಆದ ಮೇಲೆ ಹುಟ್ಟಿ ಬೆಳೆದ ಊರಾದರೂ ದಿಕ್ಕು ತಪ್ಪುತ್ತದೆ. ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮುಂಚೆ ಇಳಿದುಬಿಡಿ. ಕೈಯಲ್ಲಿ ತಿಂಡಿ ಕವರ್ ಹಿಡಿದುಕೊಂಡು ಮೆಟ್ಟಿಲು ಹತ್ತಬೇಡಿ, ಮಂಗಗಳು ಟೋಲ್ ವಸೂಲಿ ಮಾಡುತ್ತವೆ. ತುಮಕೂರಿನವರಾದರೆ ಕೊರಟಗೆರೆ ಹತ್ತಿರದ ಸಿದ್ಧರಬೆಟ್ಟಕ್ಕೆ ಹೋಗಬಹುದು. ಅಲ್ಲೂ ಗವಿ, ಬಂಡೆ ಸಂದಿಗಳಿವೆ.

ಇಲ್ಲಿ ಕಲಿಯಬೇಕಾದದ್ದು ಮೂರು.

ಒಂದು, ಇಕ್ಕಟ್ಟಿಗೆ ಮನಸ್ಸು ಒಗ್ಗುವುದು. ಮೊದಲ ಭಾನುವಾರ ನಾನು ಒಂದು ಸಂದಿಯಲ್ಲಿ ಅರ್ಧಕ್ಕೆ ಸಿಕ್ಕಿಕೊಂಡೆ. ಬೆನ್ನು ಹಿಂದಿನ ಬಂಡೆಗೂ ಎದೆ ಮುಂದಿನ ಬಂಡೆಗೂ ತಾಗುತ್ತಿದೆ. ಹೆದರಿ ಜೋರಾಗಿ ಉಸಿರು ಎಳೆದುಕೊಂಡೆ. ಎಳೆದಷ್ಟೂ ಎದೆ ಉಬ್ಬಿ ಇನ್ನೂ ಬಿಗಿ. ಜೊತೆಗೆ ಬಂದಿದ್ದ ಹುಡುಗ ಮುಂದಿನಿಂದ ಟಾರ್ಚ್ ಬಿಟ್ಟು, "ಅಕ್ಕಾ, ಉಸಿರು ಬಿಡ್ರಿ, ಎಳ್ಕೋಬೇಡ್ರಿ. ಬಿಟ್ಟು ಜರುಗ್ರಿ" ಅಂದ. ಉಸಿರು ಪೂರ್ತಿ ಬಿಟ್ಟೆ. ಒಂದು ಗೇಣು ಜರುಗಿದೆ. ನಿಂತೆ. ಸಣ್ಣಗೆ ಉಸಿರಾಡಿದೆ. ಮತ್ತೆ ಬಿಟ್ಟೆ, ಮತ್ತೆ ಒಂದು ಗೇಣು. ನಾಲ್ಕನೇ ಸಲಕ್ಕೆ ಆಚೆ ಇದ್ದೆ. ಯೂಟಾದಲ್ಲಿ ಯಾವ ಹಗ್ಗದ ಪಾಠಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಈ ಮಾತು. ಮೂರು ಸಲ ಹೋದ ಮೇಲೂ ಗವಿಯೊಳಗೆ ಎದೆ ಡವಗುಟ್ಟುತ್ತಿದ್ದರೆ ಸಂದಿ ಕಮರಿ ಬಿಟ್ಟುಬಿಡಿ. ಅದರಲ್ಲಿ ಅವಮಾನ ಏನೂ ಇಲ್ಲ.

ಎರಡು, ಕುಂಡೆ ಮೇಲೆ ಜಾರುವುದು. ಎದ್ದು ನಿಂತು ಇಳಿಯಲು ಹೋಗಿ ಬೀಳುವವರೇ ಜಾಸ್ತಿ. ಕುಳಿತುಕೊಳ್ಳಿ, ಎರಡೂ ಅಂಗೈ ಹಿಂದೆ ಊರಿ, ಪಾದ ಮುಂದಿಟ್ಟು ಮೆಲ್ಲಗೆ ಜಾರಿ. ಇದರ ಜೊತೆಗೆ ಒಂದು ಬಂಡೆಗೆ ಬೆನ್ನು, ಎದುರು ಬಂಡೆಗೆ ಪಾದ ಒತ್ತಿ ನಿಲ್ಲುವುದನ್ನು ನೆಲದಿಂದ ಎರಡು ಅಡಿ ಎತ್ತರದಲ್ಲೇ ಅಭ್ಯಾಸ ಮಾಡಿ. ಕುಕ್ಕುರುಗಾಲಲ್ಲಿ ಕೂತು ಬೆಳೆದ ನಮಗೆ ಇದು ಸಲೀಸು. ನಮ್ಮ ತಂಡದಲ್ಲಿದ್ದ ಜಿಮ್ ಮೈಕಟ್ಟಿನ ಹುಡುಗನಿಗೆ ಮಂಡಿ ಮಡಚಲು ಬರುತ್ತಿರಲಿಲ್ಲ.

ಮೂರು, ಮೆಟ್ಟಿಲು. ಬೆನ್ನಿಗೆ ಐದಾರು ಕೆಜಿ ಹಾಕಿಕೊಂಡು ಗುಡಿಯ ಮೆಟ್ಟಿಲನ್ನು ವಾರಕ್ಕೆರಡು ಸಲ ಹತ್ತಿ ಇಳಿಯಿರಿ. ಕಮರಿಯಿಂದ ಹೊರಬಂದ ಮೇಲೆ ಬಿಸಿಲಿನಲ್ಲಿ ಮರಳು ದಿಬ್ಬ ಹತ್ತಿ ಗಾಡಿಗೆ ನಡೆಯುವುದು ಇರುತ್ತದೆ. ಆಗ ಇದು ನೆನಪಾಗುತ್ತದೆ.

ಒಂದು ಎಚ್ಚರಿಕೆ. ನಮ್ಮ ಬಂಡೆ ಸುಮಾರು 250 ಕೋಟಿ ವರ್ಷದ ಹಳೆಯದು, ಕಬ್ಬಿಣದ ಹಾಗಿದೆ. ಚೂರು ಚಾಚಿದ ಅಂಚು ಸಿಕ್ಕರೂ ಜೋತುಬೀಳಬಹುದು. ಅಲ್ಲಿನ ಮರಳುಗಲ್ಲು ಬೇರೆ ಜಾತಿ. ಅಂಗೈ ಇಟ್ಟು ತೆಗೆದರೆ ಮರಳು ಅಂಟಿಕೊಂಡು ಬರುತ್ತದೆ. ಮಳೆಯಾದ ಮೇಲೆ ಒಂದೆರಡು ದಿನ ಇನ್ನೂ ಮೆತ್ತಗಿರುತ್ತದೆ, ಹಿಡಿದ ಅಂಚು ಕಿತ್ತು ಕೈಗೆ ಬರಬಹುದು. ಅಂತರಗಂಗೆಯ ಧೈರ್ಯವನ್ನು ಹಾಗೇ ಅಲ್ಲಿಗೆ ಒಯ್ಯಬೇಡಿ.

ಬುಕ್ ಮಾಡುವುದು

ಝಯಾನ್ ಪಾರ್ಕ್ ಹೆಸರು ಕೇಳಿ ಎಲ್ಲರೂ ಅದರೊಳಗೇ ಗೈಡ್ ಸಿಗುತ್ತಾರೆ ಅಂದುಕೊಳ್ಳುತ್ತಾರೆ. ಪಾರ್ಕ್ ಒಳಗಿನ ಕಮರಿಗಳಿಗೆ ಹಣ ತಗೊಂಡು ಕ್ಯಾನ್ಯನಿಯರಿಂಗ್‌ಗೆ ಕರೆದೊಯ್ಯಲು ಅನುಮತಿಯೇ ಇಲ್ಲ. ಅಲ್ಲಿಗೆ ಸ್ವಂತ ತರಬೇತಿ ಇದ್ದವರು ಪರ್ಮಿಟ್ ತಗೊಂಡು ಹೋಗಬೇಕು. ಗೈಡ್ ಕಂಪನಿಗಳು ಪಾರ್ಕ್ ಹೊರಗಿನ ಸರ್ಕಾರಿ ಅಥವಾ ಖಾಸಗಿ ಜಮೀನಿನ ಕಮರಿಗಳಿಗೆ ಕರೆದೊಯ್ಯುತ್ತವೆ. ಸ್ಪ್ರಿಂಗ್‌ಡೇಲ್, ಕನಾಬ್, ಎಸ್ಕಲಾಂಟೆ, ಮೋಆಬ್ ಊರುಗಳಲ್ಲಿ ಇಂಥವು ಇವೆ. ಇನ್ನು ಫೋಟೊಗಳಲ್ಲಿ ಕಾಣುವ ಆಂಟಿಲೋಪ್ ಕ್ಯಾನ್ಯನ್ ಇರುವುದು ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ನೆಲದಲ್ಲಿ. ಅಲ್ಲಿಗೆ ಅವರ ಅನುಮತಿ ಇರುವ ಗೈಡ್ ಜೊತೆಗೇ ಹೋಗಬೇಕು. ಅದು ನಡಿಗೆ ಮತ್ತು ಏಣಿ, ಹಗ್ಗದ ಕೆಲಸ ಇಲ್ಲ. ಹಗ್ಗ ಬೇಡ ಅನ್ನುವ ಅಪ್ಪ ಅಮ್ಮನಿಗೆ ಅದೇ ಒಳ್ಳೆಯದು.

ಕಮರಿಗಳಿಗೆ 3ಎ II ಅಂತೆಲ್ಲ ಗುರುತು ಬರೆದಿರುತ್ತಾರೆ. ಮೊದಲ ಅಂಕಿ ಕಷ್ಟದ ಮಟ್ಟ: 1 ಅಂದರೆ ಬರೀ ನಡಿಗೆ, 2 ಅಂದರೆ ಕೈಕಾಲು ಬಳಸಿ ಹತ್ತಿಳಿಯುವುದು, 3 ಅಂದರೆ ಹಗ್ಗ ಬೇಕು, 4 ಅಂದರೆ ಪಳಗಿದವರಿಗೆ ಮಾತ್ರ. ಅಕ್ಷರ ನೀರಿನದು: ಎ ಅಂದರೆ ಒಣಗಿದ್ದು ಇಲ್ಲವೇ ಸ್ವಲ್ಪ ನೀರು, ಬಿ ಅಂದರೆ ಈಜಬೇಕಾದ ನಿಂತ ನೀರು, ಸಿ ಅಂದರೆ ಹರಿಯುವ ನೀರು. ರೋಮನ್ ಅಂಕಿ ಸಮಯದ್ದು: I ಒಂದೆರಡು ಗಂಟೆ, II ಅರ್ಧ ದಿನ, III ಹೆಚ್ಚುಕಡಿಮೆ ಇಡೀ ದಿನ. ಮೊದಲ ಸಲಕ್ಕೆ 3ಎ, II ಅಥವಾ III ಕೇಳಿ. ಈಜು ಬರದಿದ್ದರೆ ಬಿ ತಂಟೆಗೆ ಹೋಗಬೇಡಿ. ಬಾವಿಯಲ್ಲಿ ಈಜಿದ್ದೇನೆ ಅನ್ನುವವರೂ ಒಮ್ಮೆ ಯೋಚಿಸಿ. ಬಿಸಿಲೇ ಬೀಳದ ಆ ನೀರು ಫ್ರಿಜ್ಜಿನಿಂದ ತೆಗೆದ ಹಾಗಿರುತ್ತದೆ.

ಕಂಪನಿಗೆ ಕೇಳಬೇಕಾದದ್ದು: ಒಬ್ಬ ಗೈಡ್‌ಗೆ ಎಷ್ಟು ಜನ, ಆ ಜಾಗಕ್ಕೆ ಪರ್ಮಿಟ್ ಇದೆಯಾ, ಗೈಡ್‌ಗೆ ಕಾಡುಮೇಡಿನ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯಾ, ಮಳೆ ಬಂದು ರದ್ದಾದರೆ ಹಣ ವಾಪಸ್ಸಾ ಇಲ್ಲ ಬೇರೆ ದಿನವಾ. ಅವರೂ ನಿಮ್ಮ ತೂಕ, ಸೊಂಟದ ಅಳತೆ, ಬಿಪಿ, ಶುಗರ್ ಎಲ್ಲ ಕೇಳುತ್ತಾರೆ. ತೂಕದಲ್ಲಿ ಐದು ಕೆಜಿ ನುಂಗಬೇಡಿ, ಅದು ಹಾರ್ನೆಸ್ (ಹಗ್ಗಕ್ಕೆ ಸಿಕ್ಕಿಸಲು ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿ) ಅಳತೆಗೆ. ಪ್ರವಾಸದ ವಿಮೆಯಲ್ಲಿ ಸಾಹಸ ಕ್ರೀಡೆಗೆ ರಕ್ಷಣೆ ಇದೆಯಾ ಅಂತ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ.

ಏನು ಹಾಕಿಕೊಳ್ಳಬೇಕು, ಏನು ಬಿಚ್ಚಿಡಬೇಕು

ಹೆಲ್ಮೆಟ್, ಹಾರ್ನೆಸ್, ಹಗ್ಗ, ಬೇಕಾದರೆ ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ವೆಟ್‌ಸೂಟ್ ಅವರೇ ಕೊಡುತ್ತಾರೆ. ಬಟ್ಟೆ ನಿಮ್ಮದು. ಕಾಟನ್ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಒದ್ದೆಯಾದರೆ ಒಣಗುವುದಿಲ್ಲ, ನೆರಳಿನಲ್ಲಿ ನಡುಗಿಸುತ್ತದೆ. ಬೇಗ ಒಣಗುವ ಉದ್ದ ಪ್ಯಾಂಟು, ತುಂಬು ತೋಳಿನ ಟೀ ಶರ್ಟು. ಎರಡೂ ಹಳೆಯವು ಇರಲಿ. ಮರಳುಗಲ್ಲು ಸ್ಯಾಂಡ್‌ಪೇಪರೇ, ನನ್ನ ಪ್ಯಾಂಟಿನ ಹಿಂಭಾಗ ಒಂದೇ ದಿನಕ್ಕೆ ಜಾಲರಿ ಆಯಿತು. ಬೆರಳು ಮುಚ್ಚುವ, ಹಿಡಿತ ಚೆನ್ನಾಗಿರುವ ಶೂ. ಚಪ್ಪಲಿ, ಸ್ಯಾಂಡಲ್ ಬೇಡ.

ಹೆಂಗಸರಿಗೆ ಒಂದು ಮಾತು, ಯಾವ ಕಂಪನಿಯ ಪಟ್ಟಿಯಲ್ಲೂ ನನಗೆ ಸಿಗಲಿಲ್ಲ. ದುಪಟ್ಟಾ, ಬಳೆ, ಉಂಗುರ, ಓಲೆ, ಕಾಲುಂಗುರ ಎಲ್ಲ ರೂಮಿನಲ್ಲೇ ಇರಲಿ. ಮಾಂಗಲ್ಯ ಸರ ತೆಗೆಯಲು ಮನಸ್ಸು ಬರದಿದ್ದರೆ ಬಿಗಿ ಬನಿಯನ್ ಒಳಗೆ ಸೇರಿಸಿ. ನಾನು ಹಳದಿ ದಾರಕ್ಕೆ ಬದಲಾಯಿಸಿಕೊಂಡು ಚಿಕ್ಕದಾಗಿ ಕಟ್ಟಿಕೊಂಡೆ. ಜಡೆ ಹೆಣೆದು ಶರ್ಟಿನ ಒಳಗೆ ಬಿಡಿ. ಹಗ್ಗದಲ್ಲಿ ಇಳಿಯುವ ಸಾಧನದೊಳಗೆ ಕೂದಲು ಸಿಕ್ಕಿಕೊಂಡರೆ ಅರ್ಧದಲ್ಲಿ ನೇತಾಡುತ್ತಾ ನಿಲ್ಲಬೇಕಾಗುತ್ತದೆ, ಬಿಡಿಸುವುದು ಕಷ್ಟ.

ನೀರು ಮೂರು ಲೀಟರ್. ತಿನ್ನಲು ಚಪಾತಿ ಸುತ್ತಿಕೊಂಡು ಹೋಗಿ, ಕಡಲೆಬೀಜದ ಚಿಕ್ಕಿ, ಉಪ್ಪು ಹಾಕಿದ ಹುರಿಗಡಲೆ. ಸಾರನ್ನದ ಡಬ್ಬಿ ಬೇಡ, ಸಂದಿಯಲ್ಲಿ ಬ್ಯಾಗು ಎಳೆದಾಡುವಾಗ ಎಲ್ಲರ ಹಗ್ಗಕ್ಕೂ ಒಗ್ಗರಣೆ ವಾಸನೆ ಬರುತ್ತದೆ.

ಆ ದಿನ ಬೆಳಿಗ್ಗೆ

ಲಾಸ್ ವೇಗಸ್‌ನಿಂದ ಸ್ಪ್ರಿಂಗ್‌ಡೇಲ್‌ಗೆ ಸುಮಾರು 260 ಕಿಲೋಮೀಟರ್. ಯೂಟಾ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಮುಂದೆ. ಇದನ್ನು ಮರೆತು ತಡವಾಗಿ ಬರುವವರು ದಿನಾ ಇದ್ದಾರಂತೆ. ಹಿಂದಿನ ರಾತ್ರಿಯೇ ಹೋಗಿ ಮಲಗಿ.

ಮೊದಲು ಕಾಗದಕ್ಕೆ ಸಹಿ. ಏನಾದರೂ ಆದರೆ ಜವಾಬ್ದಾರಿ ನಮ್ಮದು ಅನ್ನುವ ಅರ್ಥದ್ದು. ಓದಿಯೇ ಹಾಕಿ. ಆಮೇಲೆ ಹಾರ್ನೆಸ್. ಸೊಂಟದ ಪಟ್ಟಿ ಸೊಂಟದ ಮೂಳೆಗಿಂತ ಮೇಲೆ ಕೂರಬೇಕು, ಎಷ್ಟು ಎಳೆದರೂ ಕೆಳಗೆ ಜಾರಬಾರದು. ತೊಡೆ ಪಟ್ಟಿಯೊಳಗೆ ಅಂಗೈ ಹೋದರೆ ಸಾಕು, ಮುಷ್ಟಿ ಹೋದರೆ ಸಡಿಲ. ಹೆಲ್ಮೆಟ್ ಹಣೆ ಮುಚ್ಚಬೇಕು. ನಮ್ಮಲ್ಲಿ ಸ್ಕೂಟರ್ ಹೆಲ್ಮೆಟ್ ಹಾಕುವ ಹಾಗೆ ಹಿಂದಕ್ಕೆ ಸರಿಸಿಕೊಂಡಿದ್ದೆ. ಗೈಡ್ ಬಂದು ಏನೂ ಮಾತಾಡದೆ ಮುಂದಕ್ಕೆ ತಳ್ಳಿ ಪಟ್ಟಿ ಬಿಗಿದಳು.

ಗಾಡಿ ಇಳಿದು ಕಮರಿಯ ಬಾಯಿಗೆ ನಡೆಯುವಾಗ ಅವಳು ಇಟ್ಟ ಹೆಜ್ಜೆಯಲ್ಲೇ ಹೆಜ್ಜೆ ಇಡಿ. ನೆಲದ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ, ಸುಟ್ಟ ಹಿಟ್ಟಿನ ಥರ ಕಾಣುವ ಮಣ್ಣು ಇರುತ್ತದೆ. ಅದು ಜೀವಂತ ಮಣ್ಣು. ಪಾಚಿಯಂಥ ಸೂಕ್ಷ್ಮಜೀವಿಗಳು, ಕಲ್ಲುಹೂವು ಸೇರಿ ಮರಳನ್ನು ಹಿಡಿದು ಕಟ್ಟಿರುತ್ತವೆ. ಒಂದು ಕಾಲು ಬಿದ್ದರೆ ಮತ್ತೆ ಬೆಳೆಯಲು ವರ್ಷಗಳೇ ಬೇಕು. ಬಂಡೆ ಮೇಲೆ ಇಲ್ಲವೇ ಒಣಗಿದ ಹಳ್ಳದ ಮರಳಿನ ಮೇಲೆ ನಡೆಯಿರಿ.

ಮೊದಲ ಹಗ್ಗ

ಎಲ್ಲರಿಗೂ ಭಯ ಇರುವುದು ಇಲ್ಲಿಯೇ. ಹಗ್ಗ 8–9 ಮಿಲಿಮೀಟರ್ ದಪ್ಪ, ಕಿರುಬೆರಳಿನಷ್ಟೂ ಇಲ್ಲ. ನೋಡಿದರೆ ನಂಬಿಕೆ ಬರುವುದಿಲ್ಲ. ಇದು ಹಿಗ್ಗದ ಹಗ್ಗ, ಒಬ್ಬರ ತೂಕಕ್ಕಿಂತ ಎಷ್ಟೋ ಪಟ್ಟು ತಡೆಯುತ್ತದೆ. ಮೇಲೆ ಬಂಡೆಗೆ ಹೊಡೆದ ಬೋಲ್ಟಿಗೋ ಮರಕ್ಕೋ ದೊಡ್ಡ ಗುಂಡುಕಲ್ಲಿಗೋ ಸುತ್ತಿದ ಪಟ್ಟಿಗೆ ಹಗ್ಗ ಕಟ್ಟಿರುತ್ತಾರೆ. ಗೈಡ್ ಅದನ್ನು ಎಳೆದು, ಒದ್ದು, ಮತ್ತೆ ನೋಡುತ್ತಾರೆ. ಅಂಚಿನ ಹತ್ತಿರ ಹೋಗುವ ಮುಂಚೆಯೇ ನಿಮ್ಮ ಹಾರ್ನೆಸ್‌ನ ಚಿಕ್ಕ ಹಗ್ಗವನ್ನು ಅಲ್ಲಿಗೆ ಸಿಕ್ಕಿಸುತ್ತಾರೆ.

ಹಗ್ಗ ಒಂದು ಲೋಹದ ಸಾಧನದೊಳಗೆ ಮಡಚಿ ಹೋಗುತ್ತದೆ. ಆ ಮಡಿಕೆಯಲ್ಲಿ ಹುಟ್ಟುವ ಉಜ್ಜಾಟವೇ ಬ್ರೇಕು. ಕೆಳಗಿನ ತುದಿ ನಿಮ್ಮ ಬಲಗೈಯಲ್ಲಿ, ಸೊಂಟದ ಪಕ್ಕ. ಅದನ್ನು ಹಿಂದಕ್ಕೆ ಒತ್ತಿ ಹಿಡಿದರೆ ನಿಲ್ಲುತ್ತೀರಿ, ಸಡಿಲಿಸಿದರೆ ಇಳಿಯುತ್ತೀರಿ.

ಗೈಡ್ ಇದನ್ನು ಎರಡು ಸಲ ಹೇಳಿದಳು, ನನ್ನ ತಲೆಗೆ ಹೋಗಲಿಲ್ಲ. ಆಮೇಲೆ ಅಜ್ಜಿ ಮನೆಯ ಸೇದೋ ಬಾವಿ ನೆನಪಾಯಿತು. ಕೊಡ ಕೆಳಗೆ ಬಿಡುವಾಗ ಹಗ್ಗವನ್ನು ಪೂರ್ತಿ ಬಿಟ್ಟುಬಿಡುತ್ತೇವಾ? ಇಲ್ಲ. ಅಂಗೈಯೊಳಗೆ ಜಾರಿಸುತ್ತಾ, ಬೇಕೆಂದಾಗ ಬಿಗಿ ಹಿಡಿದು, ಮತ್ತೆ ಜಾರಿಸುತ್ತೇವೆ. ಕೈ ಮಾತ್ರ ಹಗ್ಗದ ಮೇಲೇ ಇರುತ್ತದೆ. ಇಲ್ಲೂ ಅಷ್ಟೇ. ವ್ಯತ್ಯಾಸ ಏನೆಂದರೆ ಈ ಸಲ ಕೊಡ ನೀವೇ.

ಈಗ ಕ್ರಮವಾಗಿ ಹೇಳುತ್ತೇನೆ. ಕಮರಿಗೆ ಬೆನ್ನು ಮಾಡಿ ನಿಲ್ಲಿ. ಎರಡು ಕಾಲನ್ನು ಭುಜದಷ್ಟು ಅಗಲ ಇಡಿ. ಬಲಗೈ ಸೊಂಟದ ಪಕ್ಕ, ಬಿಗಿಯಾಗಿ. ಇನ್ನು ಇಲ್ಲದ ಕುರ್ಚಿಯ ಮೇಲೆ ಕೂರುವ ಹಾಗೆ ಹಿಂದಕ್ಕೆ ಕುಳಿತುಕೊಳ್ಳಿ. ಮೈ ಮನಸ್ಸು ಎರಡೂ ಬೇಡ ಅನ್ನುತ್ತವೆ. ಮೊದಲ ಎರಡು ಹೆಜ್ಜೆ ಮಾತ್ರ ಹೀಗೆ. ಭಯಕ್ಕೆ ಮುಂದಕ್ಕೆ ಬಾಗಿ ಗೋಡೆಯನ್ನು ತಬ್ಬಿಕೊಳ್ಳಲು ಹೋದರೆ ಪಾದ ಜಾರಿ ಮಂಡಿ ಬಡಿಯುತ್ತದೆ. ನನಗೆ ಆದದ್ದು ಅದೇ. ಎಡಗೈಯಲ್ಲಿ ಮೇಲಿನ ಹಗ್ಗವನ್ನು ಪ್ರಾಣ ಹೋದರೂ ಬಿಡೆ ಅಂತ ಹಿಡಿದಿದ್ದೆ, ಪಾದ ಕಿತ್ತು ಎಡ ಮಂಡಿ ಗೋಡೆಗೆ ಹೊಡೆಯಿತು. ಎಡಗೈ ಕೆಲಸ ಬರೀ ಸಮತೋಲ, ಭಾರ ಹೊರುವುದಲ್ಲ. ಕಾಲು ಗೋಡೆಗೆ ಅಡ್ಡವಾಗಿ ಚಾಚಿ, ಪಾದ ಪೂರ್ತಿ ಊರಿ, ಒಂದೊಂದೇ ಹೆಜ್ಜೆ ಕೆಳಗೆ. ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಭುಜದ ಮೇಲಿಂದ ನೋಡುತ್ತಿರಿ. ಜಿಗಿಯಬೇಡಿ. ಸಿನಿಮಾದವರು ಜಿಗಿಯುತ್ತಾರೆ. ಮರಳುಗಲ್ಲಿನ ಅಂಚಿಗೆ ಹಗ್ಗ ಉಜ್ಜಿದರೆ ಕಲ್ಲಿಗೂ ಹಗ್ಗಕ್ಕೂ ಒಳ್ಳೆಯದಲ್ಲ.

ಕೈ ಜಾರಿದರೆ? ಕೆಳಗೆ ಮೊದಲು ಇಳಿದವರು ಹಗ್ಗದ ತುದಿ ಹಿಡಿದು ನಿಂತಿರುತ್ತಾರೆ. ಅವರು ಜೋರಾಗಿ ಎಳೆದರೆ ಸಾಧನದಲ್ಲಿ ಬ್ರೇಕ್ ಬಿದ್ದು ನೀವು ಅಲ್ಲೇ ನಿಲ್ಲುತ್ತೀರಿ. ಅರ್ಧದಲ್ಲಿ ಸಿಕ್ಕಿಕೊಂಡರೆ ಮೇಲಿನಿಂದ ಗೈಡ್ ಹಗ್ಗ ಬಿಟ್ಟು ಇಳಿಸುವ ಹಾಗೆಯೂ ಕಟ್ಟಿರುತ್ತಾರೆ. ನಿಮ್ಮ ಸರದಿ ಮುಗಿದು ಇನ್ನೊಬ್ಬರ ಹಗ್ಗ ಹಿಡಿದು ನಿಂತಾಗ ಫೋಟೊ ತೆಗೆಯುತ್ತಾ ನಿಲ್ಲಬೇಡಿ. ಕಣ್ಣು ಅವರ ಮೇಲೇ ಇರಲಿ. ಇಳಿದ ಕೂಡಲೇ ಹಗ್ಗ ಬಿಚ್ಚಿಕೊಂಡು ಜೋರಾಗಿ "ಆಫ್ ರೋಪ್" ಅನ್ನಿ, ಕಲ್ಲು ಬೀಳುವ ಜಾಗದಿಂದ ಪಕ್ಕಕ್ಕೆ ಸರಿಯಿರಿ.

ಎರಡನೇ ಹಗ್ಗದ ಹೊತ್ತಿಗೆ ನನ್ನ ಕಾಲು ನಡುಗಲಿಲ್ಲ. ಮೂರನೆಯದರಲ್ಲಿ ಮಧ್ಯೆ ನಿಂತು ಸುತ್ತ ನೋಡಿದೆ.

ಹಗ್ಗ ಇಲ್ಲದ ಕಡೆ

ನಿಜ ಹೇಳಬೇಕೆಂದರೆ ಗಾಯ ಆಗುವುದು ಹಗ್ಗದಲ್ಲಿ ಕಡಿಮೆ, ಆರಡಿ ಎಂಟಡಿಯ ಸಣ್ಣ ಇಳಿತಗಳಲ್ಲಿ ಜಾಸ್ತಿ. "ಇಷ್ಟೇ ತಾನೇ" ಅಂತ ಧುಮುಕುತ್ತಾರೆ. ಕೆಳಗೆ ಮರಳು ಮೆತ್ತಗಿದೆಯೋ, ಒಂದಿಂಚು ಮರಳಿನ ಕೆಳಗೆ ಬಂಡೆ ಇದೆಯೋ ಗೊತ್ತಾಗುವುದಿಲ್ಲ. ಕಾಲಿನ ಗೆಣ್ಣು ಉಳುಕಿದರೆ ಮೊಬೈಲ್ ಸಿಗ್ನಲ್ ಇಲ್ಲದ ಸಂದಿಯಿಂದ ಹೊರಗೆ ತರುವುದು ಇಡೀ ತಂಡದ ಕೆಲಸ. ಕುಳಿತು ಜಾರಿ. ಕೆಳಗಿರುವವರು ನಿಮ್ಮ ಕಾಲನ್ನೋ ಸೊಂಟವನ್ನೋ ಹಿಡಿದು ಆಸರೆ ಕೊಡುತ್ತಾರೆ. ಮುಜುಗರ ಪಡಬೇಡಿ, ಅಲ್ಲಿ ಎಲ್ಲರೂ ಎಲ್ಲರ ಹೆಗಲ ಮೇಲೆ ಕಾಲಿಡುತ್ತಾರೆ.

ಬ್ಯಾಗನ್ನು ಬೆನ್ನಿಂದ ಬಿಚ್ಚಿ ಮುಂದಿನವರಿಗೆ ದಾಟಿಸಿ. ಇಕ್ಕಟ್ಟಿನಲ್ಲಿ ಒಂದು ಕೈ ಮುಂದೆ, ಒಂದು ಕೈ ಹಿಂದೆ, ಮುಖ ಹೋಗುವ ದಿಕ್ಕಿಗೆ. ಒಮ್ಮೆ ಒಳಗೆ ಹೋದ ಮೇಲೆ ತಲೆ ತಿರುಗಿಸಲು ಹೆಲ್ಮೆಟ್ ಬಿಡುವುದಿಲ್ಲ. ಉಸಿರು ಬಿಟ್ಟು ಜರುಗುವುದು ಹೇಗೆ ಅಂತ ಅಂತರಗಂಗೆಯಲ್ಲಿ ಕಲಿತಿದ್ದೀರಿ.

ನೀರು ನಿಂತ ಗುಂಡಿ ಬಂದರೆ ಗೈಡ್ ಮೊದಲು ಕೋಲಿನಿಂದಲೋ ಕಾಲಿನಿಂದಲೋ ಆಳ ನೋಡುತ್ತಾರೆ. ನಮ್ಮ ಬೆಟ್ಟದ ದೊಣೆಗಳ ಥರವೇ, ಆದರೆ ಕೆಲವಕ್ಕೆ ಅಂಚು ನುಣುಪಾಗಿ ಮೇಲಕ್ಕೆ ಬಾಗಿರುತ್ತದೆ. ನೀರು ಕಡಿಮೆ ಇದ್ದಾಗ ಹೊರಗೆ ಬರಲು ಹಿಡಿಯಲು ಏನೂ ಸಿಗುವುದಿಲ್ಲ. ಹೇಳುವ ಮುಂಚೆ ಇಳಿಯಬೇಡಿ.

ಇನ್ನು ನನ್ನ ದಡ್ಡತನ. ಒಳಗೆ ಶೌಚಾಲಯ ಇಲ್ಲ ಅಂತ ಗೊತ್ತಿತ್ತು. ಅದಕ್ಕೆ ಬೆಳಿಗ್ಗೆಯಿಂದ ನೀರೇ ಕುಡಿಯಲಿಲ್ಲ. ಸ್ಕೂಲಿನಲ್ಲಿ ಇಷ್ಟು ವರ್ಷ ಮಾಡಿದ್ದು ಅದೇ ತಾನೇ. ಮಧ್ಯಾಹ್ನ ಹನ್ನೆರಡಕ್ಕೆ ತಲೆನೋವು, ಒಂದು ಗಂಟೆಗೆ ಕಣ್ಣು ಮಂಜು. ಗೈಡ್ ನನ್ನ ಬಾಟಲಿ ಎತ್ತಿ ನೋಡಿದಳು, ತುಂಬಿದ ಹಾಗೇ ಇತ್ತು. ನೆರಳಲ್ಲಿ ಕೂರಿಸಿ, ಉಪ್ಪಿನಂಶದ ಪುಡಿ ಕಲಸಿ ಗುಟುಕು ಗುಟುಕಾಗಿ ಕುಡಿಸಿದಳು. ನನ್ನಿಂದ ಎಲ್ಲರಿಗೂ ಮುಕ್ಕಾಲು ಗಂಟೆ ಹಾಳು. ದಯವಿಟ್ಟು ಕುಡಿಯಿರಿ. ಹೋಗಬೇಕಾದರೆ ಗೈಡ್‌ಗೆ ಹೇಳಿ, ಎಲ್ಲಿ ಅಂತ ಅವರೇ ತೋರಿಸುತ್ತಾರೆ. ಎರಡಕ್ಕೆ ಹೋಗಬೇಕಾದರೆ ಪುಡಿ ಇರುವ ಒಂದು ಚೀಲ ಕೊಡುತ್ತಾರೆ, ಅದರಲ್ಲೇ ಮುಗಿಸಿ, ಗಂಟು ಕಟ್ಟಿ, ವಾಪಸ್ ಹೊತ್ತುಕೊಂಡು ಬರಬೇಕು. ಕೇಳಲು ಕಷ್ಟ. ಆದರೆ ಮಳೆಯೇ ಇಲ್ಲದ ಕಡೆ ಅದು ಕರಗುವುದೂ ಇಲ್ಲ, ಬಂದ ಮಳೆ ಎಲ್ಲವನ್ನೂ ಸಂದಿಗೇ ತರುತ್ತದೆ.

ಹೊರಗೆ ಬಂದ ಮೇಲೆ

ನೆರಳಿನಿಂದ ಒಮ್ಮೆಲೇ ಬಿಸಿಲಿಗೆ ಬೀಳುತ್ತೀರಿ. ಟೋಪಿ ಬ್ಯಾಗಿನಲ್ಲಿ ಮೇಲೆಯೇ ಇರಲಿ. ಗಾಡಿ ಮುಟ್ಟಿದ ಮೇಲೆ ಹಾರ್ನೆಸ್, ಹೆಲ್ಮೆಟ್ ಎಣಿಸಿ ಕೊಡಿ. ಗೈಡ್‌ಗೆ ಟಿಪ್ ಕೊಡುವುದು ಅಲ್ಲಿ ರೂಢಿ, ಕಟ್ಟಿದ ಹಣದ ಶೇಕಡ 15ರಿಂದ 20. ನಮ್ಮ ಲೆಕ್ಕಕ್ಕೆ ಜಾಸ್ತಿ ಅನ್ನಿಸುತ್ತದೆ. ಮೊದಲೇ ಬಜೆಟ್‌ಗೆ ಸೇರಿಸಿಕೊಳ್ಳಿ, ಆಗ ಕೈ ನಡುಗುವುದಿಲ್ಲ. ನಾನು ಟಿಪ್ ಜೊತೆ ಒಂದು ಪೊಟ್ಟಣ ಚಿಕ್ಕಿ ಕೊಟ್ಟೆ. ಅವಳು ಚಿಕ್ಕಿಯನ್ನು ಅಲ್ಲೇ ಬಿಚ್ಚಿದಳು.

ಮಾರನೆ ದಿನ ತೊಡೆಗಿಂತ ಮುಂಗೈ ಜಾಸ್ತಿ ನೋಯುತ್ತದೆ. ಹಗ್ಗವನ್ನು ಬೇಕಾದ್ದಕ್ಕಿಂತ ಬಿಗಿ ಹಿಡಿದಿದ್ದಕ್ಕೆ. ಬಿಸಿನೀರು ಸಾಕು. ಆದರೆ ಸ್ನಾನಕ್ಕೆ ಹೋಗುವ ಮುಂಚೆ ಶೂ, ಕಾಲುಚೀಲ, ಜೇಬು ಎಲ್ಲವನ್ನೂ ಹೊರಗೇ ಕೊಡವಿ. ನಾನು ಕೊಡವಲಿಲ್ಲ. ತಮ್ಮನ ಮನೆಯ ಬಚ್ಚಲಿನ ತೂತು ಕಟ್ಟಿಕೊಂಡಿತು. ಕೋಲಾರಕ್ಕೆ ಬಂದು ಸೂಟ್‌ಕೇಸ್ ಬಿಚ್ಚಿದಾಗ ಹಾಲ್‌ನ ಬಿಳಿ ಟೈಲ್ಸ್ ಮೇಲೆ ಕೆಂಪು ಮರಳು. ಯಜಮಾನರು ಪೊರಕೆ ತಂದರು.